ಮೈದಾನಕ್ಕೆ ಒಂದು ಸುತ್ತು

ಅಪ್ಪನ ಬೂಟುಗಳನ್ನು ಹಿತ್ತಿಲ ಮೆಟ್ಟಿಲ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಬೆಣ್ಣೆ ಸವರುವ ಮೊಂಡು ಚಾಕುವಿನಿಂದ ಹುಲ್ಲು ಕೆರೆಯುತ್ತಿದ್ದೆ. ಅಟ್ಟೆಯ ಗೀರುಗಳಲ್ಲಿ ಹುಲ್ಲೂ ಮಣ್ಣೂ ಕಲೆತು ಹಸಿರು ಹಿಟ್ಟಿನ ಹಾಗೆ ಕಚ್ಚಿಕೊಂಡಿತ್ತು. ಒಂದು ಗೀರು ಬಿಡಿಸಿ, ಚಾಕುವನ್ನು ಮೆಟ್ಟಿಲ ಅಂಚಿಗೆ ಒರೆಸಿ, ಮತ್ತೊಂದಕ್ಕೆ ಹೋಗುವುದು. ಜಾಲರಿ ಬಾಗಿಲ ಆಚೆ, ಅಡುಗೆಮನೆಯ ಮೇಜಿನ ಮುಂದೆ, ಅಪ್ಪ ಬರೀ ಕಾಲುಚೀಲದಲ್ಲಿ ಕೂತಿದ್ದ. ನಾನು ಬಡಿಸಿಟ್ಟ ಕೋಳಿ ಪಾಪ್ರಿಕಾಷ್, ನಮ್ಮ ಹಂಗೇರಿಯನ್ನರ ಕೆಂಪು ಮೆಣಸಿನ ಸಾರು, ಆರಿಹೋಗಿ ಮೇಲೆ ಕೆಂಪು ಜಿಡ್ಡು ಕಟ್ಟಿತ್ತು. ಸಂಜೆಯ ಬಿಸಿಲು ಅವನ ಕೈಗಳ ಮೇಲೆ ಬಿದ್ದಿತ್ತು.

ಆಗಸ್ಟ್ ಕೊನೆಯ ಆ ಮಂಗಳವಾರ ನಮ್ಮ ಮನೆಯಲ್ಲಿ ಪ್ರತಿ ವರ್ಷವೂ ಹೀಗೆಯೇ. ಎಷ್ಟು ಜನ ಹೋದರು ಎಂದು ನಾನು ಕೇಳುವುದಿಲ್ಲ. ಬೂಟು ನೋಡಿದರೆ ಗೊತ್ತಾಗುತ್ತದೆ.

ನಮ್ಮಪ್ಪ ವೆಂಡೆಲ್ ಸಾಬೊ ಟೊಲಿಡೊ ಹ್ಯಾಮರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್. ಮೈದಾನದ ಅಂಚಿನಲ್ಲಿ ನಿಂತು ಕೂಗಾಡುವವನು ಕೋಚ್. ಟಿವಿಯಲ್ಲಿ ಕಾಣುವುದು ಅವನ ಮುಖ. ಆ ಹೆಲ್ಮೆಟ್ಟುಗಳ ಒಳಗೆ ಯಾರ ತಲೆ ಇರಬೇಕೆಂದು ನಿರ್ಧರಿಸುವವನು ಅಪ್ಪ. ದೇಶವೆಲ್ಲ ಅಲೆದು ಹುಡುಗರನ್ನು ಆರಿಸಿ ತರುವವನೂ ಅವನೇ, ಇನ್ನು ಸಾಕು ಎಂದು ಕಳಿಸುವವನೂ ಅವನೇ. ಬೇಸಿಗೆಯ ಶಿಬಿರಕ್ಕೆ ತೊಂಬತ್ತು ಜನ ಬರುತ್ತಾರೆ. ಆ ಮಂಗಳವಾರ ಮುಗಿಯುವುದರೊಳಗೆ ಐವತ್ತಮೂರು ಜನ ಮಾತ್ರ ಉಳಿಯಬೇಕು. ಅದು ಲೀಗಿನ ಕಾನೂನು.

ಬೇರೆ ತಂಡಗಳಲ್ಲಿ ಈ ಕೆಲಸಕ್ಕೆಂದೇ ಒಬ್ಬ ಇರುತ್ತಾನೆ. ಅವನು ಹುಡುಕಿಕೊಂಡು ಬಂದು ಭುಜ ಮುಟ್ಟಿದರೆ ಆಟ ಮುಗಿಯಿತೆಂದೇ ಲೆಕ್ಕ. ಅಪ್ಪ ಆ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟವನಲ್ಲ. ತಾನೇ ಹುಡುಗನ ಹತ್ತಿರ ಹೋಗಿ, "ನನ್ನ ಜೊತೆ ಒಂದು ಸುತ್ತು ಬರ್ತೀಯಾ?" ಎಂದು ಕೇಳುತ್ತಾನೆ. ಆ ಮಾತಿಗೆ ಬರ್ತೀನಿ ಎಂದವರನ್ನೂ ಬರಲ್ಲ ಎಂದವರನ್ನೂ ನಾನು ಕಂಡಿಲ್ಲ. ಕೈಯಲ್ಲಿರುವುದನ್ನು ಕೆಳಗಿಟ್ಟು ಎದ್ದು ಹೋಗುತ್ತಾರೆ. ಇಬ್ಬರೂ ಅಭ್ಯಾಸದ ಮೈದಾನದ ಅಂಚು ಹಿಡಿದು ಒಂದು ಸುತ್ತು ನಡೆದು ಬರುತ್ತಾರೆ. ಅಷ್ಟರಲ್ಲಿ ಅಪ್ಪ ಹೇಳಬೇಕಾದ್ದನ್ನು ಹೇಳಿರುತ್ತಾನೆ.

ಒಂದು ಸುತ್ತೇ ಯಾಕೆ ಎಂದು ಒಮ್ಮೆ ಕಾರಿನಲ್ಲಿ ಕೇಳಿದ್ದೆ.

"ಹೋಗ್ತಾ ಬೆನ್ನು ಕಟ್ಟಡದ ಕಡೆ ಇರತ್ತೆ," ಎಂದಿದ್ದ. "ಅಳು ಬಂದ್ರೆ ಅಳಬಹುದು, ಯಾರಿಗೂ ಕಾಣಲ್ಲ. ತಿರುಗಿ ಬರೋಷ್ಟರಲ್ಲಿ ಮುಖ ಒಣಗಿರತ್ತೆ. ಅದಕ್ಕೆ ಅಷ್ಟು ದೂರ ಬೇಕು, ಮಾರ್ಗಿ."

ಅವನನ್ನು ಕಳಿಸಿದವರು ಅಷ್ಟು ದೂರ ಕೊಟ್ಟಿರಲಿಲ್ಲ. ಹುಡುಗನಾಗಿದ್ದಾಗ ಅಪ್ಪನೂ ಒಂದು ತಂಡದ ಶಿಬಿರಕ್ಕೆ ಹೋಗಿದ್ದ. ಊಟದ ಸಾಲಿನಲ್ಲಿ ನಿಂತು ತಟ್ಟೆಗೆ ಆಲೂಗಡ್ಡೆ ಹಾಕಿಸಿಕೊಳ್ಳುತ್ತಿರುವಾಗ ಯಾರೋ ಬಂದು, "ಆ ತಟ್ಟೆ ಅಲ್ಲೇ ಇಡು ಸಾಬೊ, ನಿನ್ನ ಬಸ್ಸು ಹೊರಡತ್ತೆ," ಎಂದರಂತೆ. ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರಂತೆ. ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಸ್ಸಿನವರೆಗೂ ಹಿಡಿದುಕೊಂಡೇ ಹೋಗಿದ್ದನಂತೆ. ಈಗ ಅದನ್ನು ನಗುತ್ತಾ ಹೇಳುತ್ತಾನೆ.

ಆಮೇಲೆ ಅವನು ತಂಡಗಳಿಗೆ ಹೊಸ ಹುಡುಗರನ್ನು ಹುಡುಕುವ ಕೆಲಸಕ್ಕೆ ಸೇರಿದ. ಒಹಾಯೊ, ಇಂಡಿಯಾನಾ, ಕೆಂಟಕಿ. ವರ್ಷದ ಬಹುಪಾಲು ಕಾರಿನಲ್ಲಿ, ರಸ್ತೆ ಬದಿಯ ಮೋಟೆಲುಗಳಲ್ಲಿ. ಅಮ್ಮ ಎಷ್ಟು ದಿನ ಕಾಯುತ್ತಾಳೆ? ಅರಿಜೋನಾದಲ್ಲಿ ಬೇರೆ ಮನೆ ಮಾಡಿಕೊಂಡಳು. ರಜೆಯಲ್ಲಿ ನಾನು ಅಪ್ಪನ ಪಕ್ಕದ ಸೀಟಿನಲ್ಲಿ ಕೂತು ತಿರುಗುತ್ತಿದ್ದೆ. ಎಲ್ಲರೂ ಚೆಂಡು ನೋಡುತ್ತಿದ್ದರೆ ಅಪ್ಪ ಚೆಂಡಿಲ್ಲದ ಕಡೆ ನೋಡುತ್ತಿದ್ದ. ಸೀಟಿ ಊದಿದ ಮೇಲೆ ಕೆಳಗೆ ಬಿದ್ದವನಿಗೆ ಯಾರು ಕೈ ಕೊಡುತ್ತಾರೆ, ತಪ್ಪು ಮಾಡಿದವನ ಪಕ್ಕ ಯಾರು ಹೋಗಿ ಕೂರುತ್ತಾರೆ, ಅದು ಅವನಿಗೆ ಬೇಕಿತ್ತು. ಹಾಗೆ ಆರಿಸಿದ ಹುಡುಗರಲ್ಲಿ ಕೆಲವರು ದೊಡ್ಡ ಆಟಗಾರರಾದರು. ಹಾಗಾಗಿಯೇ ಹಿರಿಯ ವಿಕ್, ಅಂದರೆ ತಂಡದ ಮಾಲೀಕ, ಅವನನ್ನು ಕರೆದು ಜನರಲ್ ಮ್ಯಾನೇಜರ್ ಮಾಡಿದ್ದು.

ನಾವು ಟೊಲಿಡೊಗೆ ಬಂದ ಮೊದಲ ಬೇಸಿಗೆಯಲ್ಲಿ ನಾನಿನ್ನೂ ಚಿಕ್ಕವಳು. ಅಪ್ಪ ಮೈದಾನದಲ್ಲಿ ಒಬ್ಬನೇ ನಿಂತಿದ್ದನ್ನು ನೋಡಿ ಓಡಿಹೋಗಿ ಕೈ ಹಿಡಿದೆ. ಸುತ್ತು ಹಾಕೋಣ ಬಾ ಎಂದು ಎಳೆದೆ. ಅವನು ಕೈ ಬಿಡಿಸಿಕೊಂಡ. ಅವನು ಹಾಗೆ ಕೈ ಬಿಡಿಸಿಕೊಂಡದ್ದು ಅದೊಂದೇ ಸಲ.

"ಇಲ್ಲಿ ಬೇಡ ಕಣೆ. ಈ ಹುಲ್ಲಿನ ಮೇಲೆ ನನ್ನ ಜೊತೆ ನಡೆದವರು ಹೊರಟುಹೋಗ್ತಾರೆ. ನೀನು ಎಲ್ಲೂ ಹೋಗೋದು ಬೇಡ."

ಅಲ್ಲಿಂದಾಚೆ ನಾವಿಬ್ಬರೂ ನಡೆಯುವುದಾದರೆ ಮಾಮೀ ನದಿಯ ದಂಡೆಯಲ್ಲಿ. ಆ ಮೈದಾನಕ್ಕೆ ನಾನು ಕಾಲಿಟ್ಟವಳಲ್ಲ.

ಆದರೆ ದಿನವೂ ನೋಡುತ್ತೇನೆ. ತಂಡದ ಊಟದ ಮನೆಯಲ್ಲಿ ನನಗೆ ಕೆಲಸ. ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಹದಿನಾರಾದ ಮೇಲೆ ಹೋಗಲಿಲ್ಲ. ಅಪ್ಪ ಬೈಯಲಿಲ್ಲ, ಅಡುಗೆಯ ಮುಖ್ಯಸ್ಥೆ ಮಿಸ್ ಅರ್ನೆಟಾ ಬಳಿ ಕರೆದುಕೊಂಡು ಹೋಗಿ, "ಇವಳು ಮಾತು ಕಮ್ಮಿ," ಎಂದ. "ಒಳ್ಳೇದಾಯ್ತು ಬಿಡಿ, ನನ್ನ ಮಾತು ಜಾಸ್ತಿ," ಎಂದಳು ಅರ್ನೆಟಾ. ಅಂದಿನಿಂದ ಬೆಳಿಗ್ಗೆ ಮೊಟ್ಟೆ ಒಡೆಯುವವಳು ನಾನು. ಒಲೆಯ ಪಕ್ಕದ ಕಿಟಕಿ ಮೈದಾನಕ್ಕೆ ತೆರೆದಿದೆ.

"ಏನೇ ಹುಡುಗಿ, ಕಿಟಕಿ ಒರೆಸ್ತಿದ್ದೀಯೋ ಕಿಟಕೀಲೇ ಸಂಸಾರ ಹೂಡಿದ್ದೀಯೋ?" ಎಂದು ಅರ್ನೆಟಾ ರೇಗಿಸುತ್ತಾಳೆ.

ಅಪ್ಪನ ಮೇಜಿನಲ್ಲಿ ಯಾರೂ ಕೂರುವುದಿಲ್ಲ. ದ್ವೇಷವೇನಿಲ್ಲ; ಭಯ. ಅವನು ಒಳಗೆ ಬಂದರೆ ಸಾಕು, ಮಲಗಿದ ಎತ್ತಿನಂತಹ ಹುಡುಗರೆಲ್ಲ ತಟ್ಟೆಯೊಳಗೆ ಮುಖ ಹುದುಗಿಸುತ್ತಾರೆ.

"ಲೋ, ಬಂದ ಬಂದ. ಉಪ್ಪಿನ ಡಬ್ಬಿ ಹಿಡ್ಕೋ. ತುಂಬಾ ಕೆಲಸ ಇರೋ ಹಾಗೆ ಕಾಣು."

"ನನ್ನ ಹಿಂದೆ ಯಾಕೋ ಬಚ್ಚಿಟ್ಕೋತೀಯಾ?"

"ನೀನು ಅಗಲ ಇದ್ದೀಯಲ್ಲ ಮಾರಾಯ, ಅದಕ್ಕೇ."

ಅಪ್ಪನಿಗೆ ಎಲ್ಲವೂ ಕೇಳಿಸುತ್ತದೆ. ಕೇಳಿಸದವನ ಹಾಗೆ ಕಾಫಿ ತೆಗೆದುಕೊಂಡು ನನ್ನ ಬಳಿ ಬಂದು, ಫೋನನ್ನು ಬ್ರೆಡ್ಡಿನ ತಗಡಿನ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕುತ್ತಾನೆ. ಮೈದಾನದಲ್ಲಿ ಯಾರೊಂದಿಗಾದರೂ ನಡೆಯುವಾಗ ಅದು ಬಡಿದುಕೊಳ್ಳಬಾರದು. ಡಬ್ಬಿಯೊಳಗೆ ಅದು ಗುಂಯ್ ಎನ್ನುತ್ತಿರುತ್ತದೆ, ನಾನು ಮುಟ್ಟುವುದಿಲ್ಲ. ಫೋನಿನಲ್ಲಿ ಮಾತಾಡುವುದೆಂದರೆ ನನಗಾಗದು.

ಈ ವರ್ಷ ಆ ಮಂಗಳವಾರದ ಮಾರನೆಯ ಬೆಳಿಗ್ಗೆ ಒಂದು ತಮಾಷೆ ನಡೆಯಿತು. ಉಳಿದವರೆಲ್ಲ ಬದುಕಿದೆವು ಎಂದು ಎರಡು ತಟ್ಟೆ ತಿನ್ನುತ್ತಿದ್ದರು. ಆಗ ಪೆನಿ ಲಿಯೋಟಾ ಎಂಬ ಹೊಸ ಹುಡುಗ ತನ್ನ ತಟ್ಟೆ ಹಿಡಿದು ನೇರವಾಗಿ ಹೋಗಿ ಅಪ್ಪನ ಮೇಜಿನಲ್ಲಿ ಕೂತ. ಸಮೋವಾ ದ್ವೀಪಗಳ ಕಡೆಯವನು, ಬಾಗಿಲಲ್ಲಿ ಓರೆಯಾಗಿ ತೂರಬೇಕಾದಷ್ಟು ದೊಡ್ಡ ಆಳು. ಹೊಸಬರ ಆಯ್ಕೆಯ ಕೊನೆಯ ಹಂತದಲ್ಲಿ ಅಪ್ಪ ಹಟ ಹಿಡಿದು ತಂದವನು. ಊಟದ ಮನೆಯಲ್ಲಿ ಚಮಚಗಳ ಸದ್ದು ನಿಂತಿತು.

"ಸರ್, ನನ್ನ ಜೊತೆ ಒಂದು ಸುತ್ತು ಬರ್ತೀರಾ? ಒಂದು ವಿಷ್ಯ ಕೇಳ್ಬೇಕಿತ್ತು."

ಅಪ್ಪ ಅವನ ಮುಖ ನೋಡಿದ. ನಂತರ ನಿಧಾನವಾಗಿ ಎದ್ದ. ಇಬ್ಬರೂ ಹೊರಗೆ ಹೋದರು.

"ಅಯ್ಯೋ ದೇವ್ರೇ," ಎಂದಿತು ಒಂದು ದನಿ. "ಪೆನಿ ಹೋದ."

"ನಿನ್ನೆ ಮುಗೀತು ಅಂದಿದ್ರಲ್ಲೋ!"

"ಬೇರೆ ತಂಡ ಬಿಟ್ಟವನನ್ನ ಹಿಡ್ಕೊಂಡು ಬರ್ತಿರಬೇಕು. ಜಾಗ ಬೇಕಲ್ಲ."

ತಂಡದ ನಾಯಕ ಕ್ವಿನ್ಸಿ ಕುರ್ಚಿ ಹಿಂದೆ ತಳ್ಳಿ ಎದ್ದ. ಹೊರಟವನು ಎಲ್ಲರ ಕಣ್ಣೆದುರು ತನ್ನ ಸಾಮಾನು ತುಂಬಿಕೊಳ್ಳುವ ಹಾಗಾಗಬಾರದೆಂದು, ಅವನು ಸುತ್ತು ಮುಗಿಸುವುದರೊಳಗೆ ಉಳಿದವರೇ ಚೀಲ ತುಂಬಿ ಅಡುಗೆಮನೆಯ ಹಿಂಬಾಗಿಲಲ್ಲಿ ಇಡುವುದು ಇಲ್ಲಿಯ ರೂಢಿ. ಕ್ವಿನ್ಸಿ ನಾಲ್ಕೈದು ಜನರನ್ನು ಕರೆದುಕೊಂಡು ಹೋದ. ಪೆನಿಯ ಲಾಕರು ಬರಿದಾಯಿತು. ಬಾಗಿಲ ಮೇಲಿನ ಹೆಸರಿನ ಪಟ್ಟಿ ಕಿತ್ತರು. ಅಂಗಿಗಳನ್ನು ಮಡಿಸಿದರು, ಅವನ ತಾಯಿಯ ಫೋಟೋವನ್ನು ಕಾಲುಚೀಲಗಳ ನಡುವೆ ಜೋಪಾನವಾಗಿ ಇಟ್ಟರು. ದಾರಿಗಿರಲಿ ಎಂದು ಅರ್ನೆಟಾ ಮಾಂಸದ ಬನ್ನುಗಳನ್ನು ಕಾಗದದಲ್ಲಿ ಸುತ್ತಿದಳು. ಮೂಗು ಒರೆಸಿಕೊಳ್ಳುತ್ತಾ, "ಎಂಥ ಮಗು! ತಿಂದ ತಟ್ಟೆ ತೊಳೆದಿಟ್ಟಷ್ಟು ಖಾಲಿ ಮಾಡ್ತಿತ್ತು," ಎಂದಳು.

ನಾನು ಕಿಟಕಿಯಲ್ಲಿದ್ದೆ. ಅವರಿಬ್ಬರೂ ಮೈದಾನದ ಆ ತುದಿ ಮುಟ್ಟಿದಾಗ ಅಪ್ಪ ನಿಂತುಬಿಟ್ಟ. ಸೊಂಟಕ್ಕೆ ಕೈಕೊಟ್ಟು, ತಲೆ ಹಿಂದಕ್ಕೆ ಹಾಕಿದ. ಏನಾಯಿತೋ ಎಂದು ಕಣ್ಣು ಕಿರಿದಾಗಿಸಿ ನೋಡಿದೆ. ಅಪ್ಪ ನಗುತ್ತಿದ್ದ. ಆ ಹುಲ್ಲಿನ ಮೇಲೆ ಅವನು ನಕ್ಕದ್ದನ್ನು ನಾನು ಮೊದಲ ಬಾರಿ ನೋಡಿದ್ದು.

ಪೆನಿ ಒಳಗೆ ಬಂದದ್ದೇ ತಡ, ಕ್ವಿನ್ಸಿ ಅವನನ್ನು ತಬ್ಬಿಕೊಂಡ.

"ಮಗಾ, ಬೇರೆ ತಂಡ ಸಿಕ್ಕೇ ಸಿಗತ್ತೆ. ತಲೆ ಎತ್ಕೊಂಡು ಹೋಗು. ನನ್ನ ನಂಬರ್ ಇದೆಯಲ್ಲ?"

"ಎಲ್ಲಿಗೆ ಹೋಗ್ಲಿ?" ಎಂದ ಪೆನಿ. "ಹಂದಿ ಸುಡೋಕೆ ಒಪ್ಪಿಗೆ ಸಿಕ್ತು."

"ಏನು?"

"ನಮ್ಮಮ್ಮ ಮೊದಲನೇ ಮ್ಯಾಚಿಗೆ ಬರ್ತಾಳೆ. ಕಲ್ಲು ಕಾಯಿಸಿ ಹಂದಿ ಸುಡದೆ ಅವಳು ಮ್ಯಾಚ್ ನೋಡೋಳಲ್ಲ. ಕಾರು ನಿಲ್ಸೋ ಜಾಗದಲ್ಲಿ ಮಾಡ್ಬಹುದಾ ಅಂತ ಕೇಳ್ದೆ. ಹುಲ್ಲಿನ ಹತ್ರ ಬರ್ಬೇಡ, ಮಾಲಿ ಪ್ರಾಣ ಬಿಡ್ತಾನೆ ಅಂದ್ರು. ಅಷ್ಟೇ." ಅವನ ಕಣ್ಣು ಹಿಂಬಾಗಿಲ ಬಳಿಯ ಚೀಲದ ಮೇಲೆ ಬಿತ್ತು. "ಅದು ನನ್ನ ಚೀಲ ಅಲ್ವಾ? ಲೋ, ನನ್ನ ಬೂಟು ನಿನ್ನ ಕಾಲಲ್ಲಿ ಯಾಕಿದೆ?"

ನಕ್ಕು ನಕ್ಕು ಅರ್ನೆಟಾ ಒಲೆಯ ಕಂಬಿ ಹಿಡಿದು ಕೂತಳು. ಸುತ್ತಿಟ್ಟಿದ್ದ ಬನ್ನುಗಳನ್ನು ಪೆನಿ ಅಲ್ಲೇ ತಿಂದು ಮುಗಿಸಿದ.

ಸಂಜೆ ಕಾರಿನಲ್ಲಿ ಮನೆಗೆ ಬರುತ್ತಾ, ನದಿಯ ಸೇತುವೆ ಹತ್ತುವಾಗ ಅಪ್ಪ ಹೇಳಿದ:

"ಆ ಹುಡುಗ ನನ್ನ ಜೊತೆ ಸುಮ್ನೆ ನಡೆದ, ಮಾರ್ಗಿ. ಏನೂ ಇಲ್ದೇ. ಹಂದಿಗೋಸ್ಕರ."

"ನಕ್ಕೆಯಲ್ಲ. ನೋಡ್ದೆ."

"ನೋಡ್ದೇ ಇರೋದು ಏನಿದೆ ನಿನಗೆ." ಗೇರು ಬದಲಿಸುತ್ತಾ, "ನನ್ನ ಸರದಿನೂ ಬರತ್ತೆ. ಈ ವರ್ಷ ಗೆಲ್ಲದಿದ್ರೆ ಬಂದೇ ಬರತ್ತೆ. ಅದಕ್ಕೆ ಬೇಜಾರಿಲ್ಲ. ಕಳಿಸೋದು ಅವರ ಹಕ್ಕು. ನನಗೆ ಒಂದೇ ಆಸೆ. ಯಾರಾದ್ರೂ ಬಂದು, ಪಕ್ಕದಲ್ಲಿ ನಡೆದು ಹೇಳಲಿ. ತಟ್ಟೆ ಕೈಯಲ್ಲಿರೋವಾಗ ಬೇಡ. ಇಷ್ಟು ಜನಕ್ಕೆ ನಾನು ಕೊಟ್ಟಿದ್ದೀನಲ್ಲ, ನನಗೂ ಒಂದು ಸುತ್ತು ಸಿಕ್ಕಿದ್ರೆ ಸಾಕು."

ನಾನು ಗೇರಿನ ಮೇಲಿದ್ದ ಅವನ ಕೈಯ ಮೇಲೆ ಕೈ ಇಟ್ಟೆ.

ಹಿರಿಯ ವಿಕ್ ಬದುಕಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಆತ ಕೋಲೂರಿಕೊಂಡು ಅಡುಗೆಮನೆಗೆ ಬಂದು, ಅರ್ನೆಟಾಳ ಕೈಯಿಂದ ಕಡಲೆಕಾಯಿ ಬೆಣ್ಣೆಯ ಬ್ರೆಡ್ಡು ತಿಂದು, ಅಪ್ಪನೊಂದಿಗೆ ಜಗಳವಾಡಿ ಹೋಗುತ್ತಿದ್ದವನು. ಅವನು ತೀರಿಕೊಂಡ ಮೇಲೆ ತಂಡ ಮಗ ಗ್ರೇಡನ್ ಕೈಗೆ ಬಂದಿತ್ತು. ಗ್ರೇಡನ್ ವಿಕ್ ಇರುವುದು ಶಿಕಾಗೋದಲ್ಲಿ. ಮ್ಯಾಚಿಗೆ ಬಂದರೂ ಮೇಲಿನ ಮಾಲೀಕರ ಗಾಜಿನ ಕೋಣೆಯಿಂದ ಕೆಳಗಿಳಿಯುವುದಿಲ್ಲ.

ಈ ಸಲ ನಾವು ಹೆಚ್ಚು ಗೆಲ್ಲಲಿಲ್ಲ. ಪೆನಿಯ ತಾಯಿ ಬಂದ ದಿನ ಗೆದ್ದೆವು. ಕಾರು ನಿಲ್ಲಿಸುವ ಜಾಗವೆಲ್ಲ ಹಂದಿಯ ಘಮ. ಆಕೆ ಅಪ್ಪನ ಕೊರಳಿಗೆ ಕವಡೆಯ ಹಾರ ಹಾಕಿ, "ನನ್ನ ಮಗನನ್ನ ಚೆನ್ನಾಗಿ ನೋಡ್ಕೊಳ್ಳಿ, ಅವನಿನ್ನೂ ಕೂಸು," ಎಂದಳು. ಕೂಸು ಅವಳ ಹಿಂದೆ ಗೋಡೆಯ ಹಾಗೆ ನಿಂತು ನಾಚುತ್ತಿತ್ತು. ಆಮೇಲೆ ಎಲ್ಲ ಇಳಿಜಾರು. ಅಪ್ಪ ದೊಡ್ಡ ಹಣ ಕೊಟ್ಟು ತಂದಿದ್ದ ಕ್ವಾರ್ಟರ್‌ಬ್ಯಾಕ್, ಚೆಂಡು ಎಸೆಯುವ ಮುಖ್ಯ ಆಟಗಾರ, ಮೊಣಕಾಲು ಮುರಿದುಕೊಂಡು ಮಲಗಿದ. ಬದಲಿಗೆ ಬಂದವನು ಎಸೆದದ್ದೆಲ್ಲ ಎದುರಾಳಿಗಳ ಕೈಗೆ ಹೋಯಿತು. ಕ್ರೀಡಾಂಗಣದಲ್ಲಿ ಜನ ಹಾಸಿಗೆಯ ಹೊದಿಕೆಯ ಮೇಲೆ "ಸಾಬೊ, ಮನೆಗೆ ಹೋಗು" ಎಂದು ಬರೆದು ತೂಗುಹಾಕಿದರು. ಹಂಗೇರಿಯನ್ನರ ಬೇಕರಿಯಲ್ಲಿ ನಾನು ಗಸಗಸೆ ಸುರುಳಿ ಕೊಳ್ಳಲು ನಿಂತಿದ್ದಾಗ ಮುಂದಿದ್ದ ಹೆಂಗಸು ಅಂಗಡಿಯವಳಿಗೆ ಹೇಳುತ್ತಿದ್ದಳು:

"ಆ ಮುದುಕನನ್ನ ಇನ್ನೂ ಯಾಕೆ ಇಟ್ಕೊಂಡಿದ್ದಾರೋ! ನಮ್ಮ ಜನಾನೇ ಅಂತ ಹೇಳ್ಕೊಳ್ಳೋಕೂ ನಾಚಿಕೆ."

ಅಂಗಡಿಯವಳು ನನ್ನನ್ನು ನೋಡಿ ಕೆಮ್ಮಿದಳು. ನಾನು ಸುರುಳಿ ಕೊಳ್ಳದೆ ಬಂದೆ. ಮುಗಿದುಹೋಗಿತ್ತು ಎಂದು ಅಪ್ಪನಿಗೆ ಹೇಳಿದೆ. ಅವನು ನನ್ನ ಮುಖ ನೋಡಿ, "ಬೇರೆ ಬೇಕರಿ ಇದೆ ಬಿಡು," ಎಂದ.

ಜನವರಿಯ ಮೊದಲ ಭಾನುವಾರ ಕೊನೆಯ ಮ್ಯಾಚೂ ಸೋತೆವು. ಅಂದು ಮಾತ್ರ ಗ್ರೇಡನ್ ವಿಕ್ ಗಾಜಿನ ಕೋಣೆಯಿಂದ ಕೆಳಗಿಳಿದು ಬಂದ. ಆಟಗಾರರು ಮೈದಾನಕ್ಕೆ ಬರುವ ಸುರಂಗದ ಬಾಗಿಲಲ್ಲಿ ಅಪ್ಪನ ತೋಳು ತಟ್ಟಿದ.

"ನಾಳೆ ಬೆಳಿಗ್ಗೆ ಬರ್ತೀನಿ ವೆಂಡೆಲ್. ಕೂತು ಮಾತಾಡೋಣ."

"ಕೂರೋದು ಬೇಡ," ಎಂದ ಅಪ್ಪ. "ಅಭ್ಯಾಸದ ಮೈದಾನದಲ್ಲಿ ಇರ್ತೀನಿ. ನಡೀತಾ ಮಾತಾಡೋಣ."

"ಈ ಚಳೀಲಾ? ಸರಿ, ನಿಮ್ಮಿಷ್ಟ," ಎಂದು ಅವನು ನಕ್ಕ.

ಮನೆಗೆ ಬರುವಾಗ ಅಪ್ಪನ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. "ಬರ್ತಾನಂತೆ ಮಾರ್ಗಿ," ಎಂದ. "ನಾನು ಅಂದುಕೊಂಡಷ್ಟು ಕೆಟ್ಟವನಲ್ಲ. ಅವರಪ್ಪನ ಮಗ ತಾನೇ."

ಬೆಳಿಗ್ಗೆ ಬೂಟುಗಳ ಮೇಲೆ, ಹಿಮ ಕರಗಲೆಂದು ರಸ್ತೆಗೆ ಸುರಿದ ಉಪ್ಪು ಬಿಳಿ ಗೆರೆ ಎಳೆದಿತ್ತು. ಬಟ್ಟೆಯನ್ನು ವಿನೆಗರ್ ನೀರಿನಲ್ಲಿ ಅದ್ದಿ ಒರೆಸಿದೆ. ಅಪ್ಪ ಒಳ್ಳೆಯ ಕೋಟು ಹಾಕಿಕೊಂಡ. ಕನ್ನಡಿಯ ಮುಂದೆ ಟೈ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ.

ಊಟದ ಮನೆ ಅಂದು ಅರ್ಧ ಖಾಲಿ. ಕೊನೆಯ ಮ್ಯಾಚಿನ ಮಾರನೆಯ ದಿನ ಆಟಗಾರರು ಬಂದು ತಮ್ಮ ಸಾಮಾನು ತುಂಬಿಕೊಂಡು ರಜೆಗೆ ಹೋಗುತ್ತಾರೆ. ಅಪ್ಪ ಬಂದು ಫೋನನ್ನು ಬ್ರೆಡ್ಡಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದ. ಕಾಗದದ ಲೋಟಗಳಲ್ಲಿ ಎರಡು ಕಾಫಿ ತೆಗೆದುಕೊಂಡ.

"ಎರಡು ಯಾಕೆ ಸಾಬೊ ಸರ್?" ಎಂದಳು ಅರ್ನೆಟಾ. "ಒಂದು ಕುಡಿದ್ರೇ ನಿಮಗೆ ಎದೆ ಉರಿ."

"ಅವನಿಗೂ ಚಳಿ ಆಗತ್ತಲ್ಲ ಅರ್ನೆಟಾ. ಗಾಜಿನ ಕೋಣೇಲಿ ಕೂತು ಅಭ್ಯಾಸ ಆದವನು."

ಕಿಟಕಿಯಿಂದ ನೋಡುತ್ತಿದ್ದೆ. ರಾತ್ರಿ ಬಿದ್ದ ಹಿಮ ತೆಳ್ಳಗೆ ಹರಡಿತ್ತು, ಹುಲ್ಲಿನ ತುದಿಗಳು ಮೇಲೆ ಕಾಣುತ್ತಿದ್ದವು. ಅಪ್ಪ ಸುತ್ತು ಶುರುವಾಗುವ ಮೂಲೆಯಲ್ಲಿ, ಎರಡೂ ಕೈಯಲ್ಲಿ ಲೋಟ ಹಿಡಿದು, ಗೇಟಿನ ಕಡೆ ಮುಖ ಮಾಡಿ ನಿಂತಿದ್ದ. ಲೋಟಗಳಿಂದ ಆವಿ ಏಳುತ್ತಿತ್ತು. ಗೇಟಿನಲ್ಲಿ ಒಂದು ಕಾರು ಬಂದಾಗ ನೆಟ್ಟಗಾದ. ಅದು ಲಾಂಡ್ರಿಯವರ ಗಾಡಿ.

ಡಬ್ಬಿಯೊಳಗೆ ಫೋನು ಗುಂಯ್ ಎಂದಿತು. ನಿಂತಿತು. ಮತ್ತೆ ಗುಂಯ್ ಎಂದಿತು.

"ತೆಗಿಯೇ," ಎಂದಳು ಅರ್ನೆಟಾ. "ದಾರೀಲಿ ಸಿಕ್ಕಿಹಾಕ್ಕೊಂಡಿರಬಹುದು, ತಡ ಆಗತ್ತೆ ಅಂತ ಹೇಳೋಕೆ ಮಾಡ್ತಿರಬಹುದು."

ಮುಚ್ಚಳ ತೆಗೆದೆ. ಗ್ರೇಡನ್ ವಿಕ್ ಎಂದಿತ್ತು. ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು ಕಿವಿಗಿಟ್ಟೆ.

"ವೆಂಡೆಲ್?"

"ಮಾರ್ಗಿಟ್," ಎಂದೆ. "ಅವರ ಮಗಳು."

"ಓ. ಅವರಿಲ್ವಾ?"

"ಮೈದಾನದಲ್ಲಿದ್ದಾರೆ. ನಿಮಗೋಸ್ಕರ ಕಾಯ್ತಿದ್ದಾರೆ."

ಆ ಕಡೆ ಯಾರೋ ಏನೋ ಕೇಳಿದರು, ಅವನು ಫೋನಿಗೆ ಕೈ ಅಡ್ಡ ಹಿಡಿದು ಉತ್ತರ ಕೊಟ್ಟ. ಮತ್ತೆ ನನ್ನೊಡನೆ ಮಾತಾಡಿದ. "ನೋಡಮ್ಮ, ನಾನು ಬರೋಕಾಗಲ್ಲ. ರಾತ್ರಿನೇ ಶಿಕಾಗೋಗೆ ವಾಪಸ್ ಬಂದೆ. ಇನ್ನು ಸ್ವಲ್ಪ ಹೊತ್ತಿಗೆ ಟಿವಿಯವರಿಗೆ ಸುದ್ದಿ ಹೋಗತ್ತೆ. ಅಷ್ಟರಲ್ಲಿ ಅವರಿಗೆ ತಿಳಿದಿರ್ಲಿ ಅಂತ ಮಾಡ್ದೆ. ಹೊಸಬರನ್ನ ತರ್ತಿದ್ದೀವಿ. ನಿಮ್ಮ ತಂದೆ ತುಂಬಾ ಸೇವೆ ಮಾಡಿದ್ದಾರೆ, ಅದೆಲ್ಲ ಹೇಳಿಕೆಯಲ್ಲಿ ಬರತ್ತೆ. ಫೋನ್ ಅವರಿಗೆ ಕೊಡ್ತೀರಾ?"

ನನ್ನ ಗಂಟಲು ಕಟ್ಟಿತು. ಶಾಲೆಯಲ್ಲಿ ಆಗುತ್ತಿದ್ದಂತೆಯೇ. ಕಿಟಕಿಯ ಆಚೆ ಅಪ್ಪ ಒಂದು ಲೋಟವನ್ನು ಕೋಟಿನ ಒಳಗೆ, ಎದೆಗೆ ಒತ್ತಿ ಹಿಡಿದುಕೊಂಡಿದ್ದ. ಆರಬಾರದೆಂದು.

"ನೀವೇ ಬನ್ನಿ," ಎಂದೆ.

"ಏನಂದ್ರಿ?"

"ಸಂಜೆ ಆದ್ರೂ ಪರವಾಗಿಲ್ಲ. ನಾಳೆ ಆದ್ರೂ ಪರವಾಗಿಲ್ಲ. ಟಿವಿಯವರು ಕಾಯ್ಲಿ. ನೀವು ಬಂದು ಒಂದು ಸುತ್ತು ನಡೀರಿ. ಏನೂ ಹೇಳದಿದ್ರೂ ಸರಿ. ನಡೆದ್ರೆ ಅವರಿಗೆ ಗೊತ್ತಾಗತ್ತೆ."

ನಾನು ಅಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ್ದನ್ನು ಅರ್ನೆಟಾ ಅದುವರೆಗೆ ಕೇಳಿರಲಿಲ್ಲ. ಅವಳ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು.

"ಆಗಲ್ಲಮ್ಮ," ಎಂದ ಅವನು. ದನಿಯಲ್ಲಿ ಕೆಡುಕೇನೂ ಇರಲಿಲ್ಲ, ದಣಿವಿತ್ತು. "ಇಂಥದ್ದೆಲ್ಲ ನನಗೆ ಬರಲ್ಲ. ನೀವು ಮಗಳಲ್ವಾ, ನಿಮ್ಮಿಂದ ಕೇಳಿದ್ರೇ ಅವರಿಗೆ ಹಗುರ ಅನಿಸಬಹುದು. ಫೋನ್ ಮಾಡೋಕೆ ಹೇಳಿ." ಫೋನ್ ಇಟ್ಟ.

ನಾನು ಅದನ್ನು ಮತ್ತೆ ಬ್ರೆಡ್ಡಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ.

ಅರ್ನೆಟಾ ಕಪಾಟಿನಿಂದ ಅಪ್ಪನ ಪಿಂಗಾಣಿ ಲೋಟ ತೆಗೆದಳು. ಹಿಡಿ ಮುರಿದು ಅಂಟಿಸಿದ್ದ, ಬೇರೆ ಯಾರೂ ಕುಡಿಯದ ಲೋಟ. ಅದನ್ನು ತೊಳೆದು, ಒರೆಸಿ, ಟವೆಲ್ಲಿನಲ್ಲಿ ಸುತ್ತತೊಡಗಿದಳು. ಸಾಮಾನು ತೆಗೆದುಕೊಂಡು ಹೊರಟಿದ್ದ ಪೆನಿ ಬಾಗಿಲಲ್ಲಿ ನಿಂತು ಅವಳ ಕೈಗಳನ್ನು ನೋಡಿದ. ಕಿಟಕಿಯ ಕಡೆ ನೋಡಿದ. ನನ್ನನ್ನು ನೋಡಿದ.

"ನಾನು ಹೋಗ್ಲಾ ಮಾರ್ಗಿ?" ಎಂದ ಮೆಲ್ಲಗೆ.

ಬೇಡ ಎಂದು ತಲೆಯಾಡಿಸಿದೆ. ಅವನು ತನ್ನ ಚೀಲವನ್ನು ನೆಲಕ್ಕಿಳಿಸಿ, ಗೂಟದಿಂದ ತನ್ನ ದೊಡ್ಡ ಜಾಕೆಟ್ಟು ತೆಗೆದು ನನ್ನ ಹೆಗಲಿಗೆ ಹಾಕಿದ. ಅದು ಮೊಣಕಾಲಿನವರೆಗೆ ಬಂತು.

ಹಿಂಬಾಗಿಲು ತೆರೆದೆ. ಅಡುಗೆಮನೆಯ ಚಪ್ಪಟೆ ಬೂಟುಗಳಲ್ಲಿ ಹಿಮ ತಣ್ಣಗೆ ಇಳಿಯಿತು. ಮೈದಾನದ ಅಂಚಿನ ಗೆರೆಯ ಬಳಿ ಬಂದು ನಿಂತೆ. ಚಿಕ್ಕವಳಾಗಿದ್ದಾಗ ಅವನು ನನ್ನ ಕೈ ಬಿಡಿಸಿಕೊಂಡು ವಾಪಸ್ ಕಳಿಸಿದ್ದು ಅಲ್ಲಿಂದಲೇ. ಗೆರೆ ದಾಟಿದೆ.

ನನ್ನ ಹೆಜ್ಜೆಯ ಸದ್ದಿಗೆ ಅಪ್ಪ ಗೇಟಿನಿಂದ ಕಣ್ಣು ತೆಗೆದು ತಿರುಗಿದ. ಮೊದಲು ನಗಲು ಹೋದ. "ಅಯ್ಯೋ, ಇದ್ಯಾರ ಕೋಟೇ—" ಎಂದವನು ನಡುವೆಯೇ ನಿಲ್ಲಿಸಿದ. ನನ್ನ ಕಾಲುಗಳನ್ನು ನೋಡಿದ, ಅವು ನಿಂತಿದ್ದ ಹುಲ್ಲನ್ನು ನೋಡಿದ. ಆಮೇಲೆ ನನ್ನ ಮುಖ.

ನಾನು ಅವನ ಪಕ್ಕಕ್ಕೆ ಹೋಗಿ, ಕಟ್ಟಡಕ್ಕೆ ಬೆನ್ನು ಮಾಡಿ ನಿಂತೆ. ಮುಂದೆ ಮೈದಾನ ಬೆಳ್ಳಗೆ, ಒಂದೂ ಹೆಜ್ಜೆ ಬೀಳದೆ ಹರಡಿತ್ತು. ಗಂಟಲು ಕಟ್ಟಿರಲಿಲ್ಲ.

"ಅಪ್ಪಾ, ನನ್ನ ಜೊತೆ ಒಂದು ಸುತ್ತು ಬರ್ತೀಯಾ?"

ಅಪ್ಪ ಬಗ್ಗಿ, ಎರಡೂ ಲೋಟಗಳನ್ನು ಹಿಮದ ಮೇಲೆ ಅಕ್ಕಪಕ್ಕ ಇಟ್ಟ.